ಪೂಜೆಗೆ ಮೊದಲು ತೆರೆದಿದ್ದ ಬಾಗಿಲು

ಏಳನೇ ತರಗತಿಗೇ ಶಾಲೆ ಬಿಟ್ಟವನು ನಾನು. ಮಾನ್ವಿಯಲ್ಲಿ ಗೋಡೆ ಕೊರೆದು ಕೇಬಲ್ ಎಳೆಯುತ್ತಲೇ ಕಂಪ್ಯೂಟರ್ ಕಲಿತೆ. ಈಗ ರಾಯಚೂರಿನಲ್ಲಿ ಸ್ವಂತ ಅಂಗಡಿ. ಸುತ್ತಲಿನ ಊರುಗಳಲ್ಲಿ ನಾನು ಕೂರಿಸಿದ ಸರ್ವರ್‌ಗಳು ಓಡುತ್ತಿವೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆಯಾದದ್ದು ಒಮ್ಮೆ, ದೇವದುರ್ಗದಲ್ಲಿ.

ಅಲ್ಲೊಂದು ರಕ್ತಪರೀಕ್ಷೆಯ ಲ್ಯಾಬ್. ನಡೆಸುವವರು ಒಬ್ಬ ಮೇಡಂ. ಹಳೆಯ ಕಂಪ್ಯೂಟರ್‌ನಲ್ಲಿದ್ದ ವರದಿಗಳನ್ನೆಲ್ಲ ಹೊಸ ಸರ್ವರ್‌ಗೆ ತುಂಬಿದ್ದೆ. ಜನ ಮನೆಯವರಿಗೂ ಹೇಳದ ರೋಗಗಳು ಅದರೊಳಗಿದ್ದವು. ಇನ್ನು ಸೆಟ್ಟಿಂಗ್ ಮಾಡಬೇಕು ಎನ್ನುವಷ್ಟರಲ್ಲಿ ಮೇಡಂ ತಡೆದರು.

"ನಾಳೆ ಅಮಾಸಿ ಅದರೀ. ನಾಡದು ಪೂಜಿ ಮಾಡೂತನಕ ಯಾರೂ ಮುಟ್ಟೂದು ಬ್ಯಾಡ."

ನಮ್ಮ ಕಡೆ ಕಾಯಿ ಒಡೆಯದೆ ಹೊಸ ಯಂತ್ರವನ್ನು ಕೆಲಸಕ್ಕೆ ಹಚ್ಚುವುದಿಲ್ಲ. ಒಪ್ಪಿದೆ. ಆದರೆ ಯಂತ್ರ ಆರಿಸಲಿಲ್ಲ; ರಾಯಚೂರಿನಿಂದಲೇ ನೋಡಿಕೊಳ್ಳೋಣವೆಂದು ಇಂಟರ್ನೆಟ್‌ಗೆ ಜೋಡಿಸಿಯೇ ಬಿಟ್ಟೆ. ಆ ತರದ ಹೊಸ ಸರ್ವರ್‌ನಲ್ಲಿ, ಎಲ್ಲೋ ದೂರ ಕೂತು ಬರೀ ಪಾಸ್‌ವರ್ಡ್ ಹೊಡೆದು ಯಜಮಾನನಾಗಿ ಒಳಬರುವ ದಾರಿ ಮೊದಲಿನಿಂದಲೇ ತೆರೆದಿರುತ್ತದೆ. ಅದನ್ನು ಮುಚ್ಚುವುದು ಮೊದಲ ಕೆಲಸ. ನನ್ನ ಪಾಸ್‌ವರ್ಡೋ, ಸದ್ಯಕ್ಕಿರಲಿ ಎಂದು ಇಟ್ಟ ಒಂದರಿಂದ ಆರರವರೆಗಿನ ಅಂಕಿ. ಮೇಡಂ ಕೀಬೋರ್ಡ್ ಮೇಲೆ ಚೆಂಡುಹೂ ಇಟ್ಟು ಕೋಣೆಗೆ ಬೀಗ ಹಾಕಿದರು.

ಮೂರನೆಯ ದಿನ ಬೆಳಿಗ್ಗೆ ಹೋದಾಗ ಕಸ ಗುಡಿಸುವ ಮುದುಕಿ ಆ ಬಾಗಿಲಿನಿಂದ ದೂರ ನಿಂತಿದ್ದಳು.

"ಯಪ್ಪಾ, ಒಳಗ ಯಾರೋ ಏದುಸಿರು ಬಿಡಾಕತ್ತಾರ. ನಿನ್ನಿಯಿಂದ ಕೇಳಾಕತ್ತೀನಿ."

"ಮಷಿನ್ ಫ್ಯಾನ್ ಯವ್ವಾ."

"ಫ್ಯಾನ್ ಮೊನ್ನಿನೂ ಇತ್ತು. ಹಿಂಗ ಇರಲಿಲ್ಲ."

ಆರತಿ ತಟ್ಟೆ ಹಿಡಿದು ಬಂದ ಮೇಡಂ ಕೈಯಲ್ಲಿ ಬೀಗ ತೆಗೆಸಿದೆ. ಕೆಲಸವೇ ಇಲ್ಲದ ಯಂತ್ರ ಕಾದು ಒದರುತ್ತಿತ್ತು. ಹೂ ಇಟ್ಟಲ್ಲೇ ಬಾಡಿತ್ತು. ಅದನ್ನು ಸರಿಸಿ, ಈಗ ಒಳಗೆ ಯಾರಿದ್ದಾರೆ ಎಂದು ಸರ್ವರನ್ನೇ ಕೇಳಿದೆ. ಇಬ್ಬರು ಎಂದಿತು. ಒಬ್ಬ ನಾನು.

ಯಾರು ಯಾವಾಗ ಒಳಬರಲು ನೋಡಿದರು ಎಂಬ ದಾಖಲೆ ತೆರೆದೆ. ಎರಡು ದಿನ, ಎರಡು ಮೂರು ಸೆಕೆಂಡಿಗೊಮ್ಮೆ, ಬೇರೆ ಬೇರೆ ಹೆಸರು ಹೇಳಿ ಯಾರೋ ಬಾಗಿಲು ಬಡಿದಿದ್ದರು. ಅಮಾವಾಸ್ಯೆಯ ಮಧ್ಯಾಹ್ನ, ನಾನು ಚೀಕಲಪರ್ವಿಯ ಹೊಳೆದಂಡೆಯಲ್ಲಿ ಬುತ್ತಿ ಬಿಚ್ಚಿದ್ದ ಹೊತ್ತಿಗೆ, ಒಂದು ಬಡಿತಕ್ಕೆ ಬಾಗಿಲು ತೆರೆದಿತ್ತು. ಬಂದವನು ಇನ್ನೂ ಹೋಗಿರಲಿಲ್ಲ. ಪರದೆಯ ಮೇಲೆ ನಾನು ಅವನನ್ನು ಕಂಡಂತೆ ಅವನೂ ನನ್ನನ್ನು ಕಾಣುತ್ತಿರಬೇಕು ಅನ್ನಿಸಿತು. ಇಂಟರ್ನೆಟ್ ತಂತಿ ಕಿತ್ತೆ. ಆಮೇಲೂ ಫ್ಯಾನ್ ಒದರುತ್ತಲೇ ಇತ್ತು; ಅವನು ಹಚ್ಚಿಟ್ಟ ಯಾವುದೋ ಕೆಲಸ ಒಳಗೆ ಓಡುತ್ತಿತ್ತು.

ಮೇಡಂ ಮೆಲ್ಲಗೆ ಕೇಳಿದರು, "ಅಮಾಸಿ ದಿನ ಏನರ ಹೊಕ್ಕದೇನ್ರಿ? ನಾನೇ ಅವಸರ ಮಾಡಿ ತರಿಸಿದೆ."

ಹೂಂ ಅಂದಿದ್ದರೆ ಸಾಕಿತ್ತು. ನನ್ನ ಹೆಸರು ಉಳಿಯುತ್ತಿತ್ತು. ಆದರೆ ನನ್ನ ತಪ್ಪನ್ನು ಅಮಾವಾಸ್ಯೆಯ ಮೇಲೆ ಹಾಕಲು ಬಾಯಿ ಬರಲಿಲ್ಲ.

"ಅಮಾಸಿದಲ್ರಿ. ಬಾಗಿಲಾ ನಾನೇ ತೆರೆದಿಟ್ಟು ಹೋಗಿದ್ದೆ."

"ಇಂಜಿನಿಯರಿಗೆ ಬರಲಾರದ್ದು ನನಗ ಬರ್ತದ ಅಂತಿದ್ರಲ್ಲ." ಮೇಡಂ ಪರದೆಯತ್ತ ಬಗ್ಗಿದರು, "ವರದಿ ಓದ್ಯಾರೇನು?"

"ಗೊತ್ತಾಗಂಗಿಲ್ರಿ." ಇವತ್ತಿಗೂ ಗೊತ್ತಾಗಿಲ್ಲ.

ಅವರು ಆರತಿ ತಟ್ಟೆಯನ್ನು ಕಿಟಕಿಯಲ್ಲಿಟ್ಟರು. "ಪೂಜಿ ಆಮ್ಯಾಲೆ. ಮೊದಲ ಬಾಗಿಲಾ ಹಾಕ್ರಿ. ಪೇಷಂಟ್‌ಗಳಿಗೆ ಏನು ಹೇಳೋದು ಅಂತ ಇಬ್ಬರೂ ಕೂತು ಬರಿಯೋಣ."

ಎಲ್ಲ ಅಳಿಸಿ ಮತ್ತೆ ಮೊದಲಿನಿಂದ ಹಾಕಿದೆ. ದೂರದ ದಾರಿ ಮುಚ್ಚಿದ ಮೇಲೆಯೇ ತಂತಿ ಜೋಡಿಸಿದೆ. ಒಂದು ನಿಮಿಷವೂ ಆಗಿರಲಿಲ್ಲ, ದಾಖಲೆಯಲ್ಲಿ ಮೊದಲ ಬಡಿತ ಕಂಡಿತು.

"ಹೋದ್ರೇನಪಾ?" ಮುದುಕಿ ಇಣುಕಿದಳು.

"ಹೊರಗ ನಿಂತಾರ ಯವ್ವಾ. ಬಡಿಯಾಕತ್ತಾರ."

ಅವಳು ನಗಲಿಲ್ಲ. ಕಸಬರಿಗೆಯನ್ನು ಹೊಸ್ತಿಲಿಗೆ ಅಡ್ಡ ಇಟ್ಟಳು. ಹೋಗುವಾಗ ನಾನು ಅದನ್ನು ಸರಿಸದೆ ದಾಟಿಕೊಂಡು ಬಂದೆ.