ತಿಪ್ಪಣ್ಣನವರು ಮುಂಬಾಗಿಲಿನಿಂದ ಬಂದ ದಿನಗಳು

ಬೊಗಳುವ ನಾಯಿ ಎದುರಾದರೆ ತಿಪ್ಪಣ್ಣನವರು ಕಲ್ಲು ಹುಡುಕುತ್ತಿರಲಿಲ್ಲ. ಪಕ್ಕಕ್ಕೆ ತಿರುಗಿ ನಿಂತು, ಎಲ್ಲೋ ದೂರ ನೋಡುತ್ತ, ಬಾಯ್ತುಂಬ ಆಕಳಿಸುತ್ತಿದ್ದರು. ಮೂರನೆಯ ಆಕಳಿಕೆಯ ಹೊತ್ತಿಗೆ ನಾಯಿಯ ಸದ್ದು ಇಳಿಯುತ್ತಿತ್ತು. ಕೆಲವು ನಾಯಿಗಳು ತಾವೂ ಆಕಳಿಸುತ್ತಿದ್ದವು. ನನಗೆ ಇದು ನಂಬಿಕೆಯಾಗದೆ, ಶಹಾಬಾದಿನ ನಮ್ಮ ಓಣಿಯಲ್ಲಿ ಅವರ ಹಿಂದೆಯೇ ನಡೆದು ಲೆಕ್ಕ ಇಟ್ಟೆ. ಹನ್ನೊಂದು ನಾಯಿಗಳಲ್ಲಿ ಒಂಬತ್ತು ಸುಮ್ಮನಾದವು.

"ಉಳಿದ ಎರಡು ಯಾಕ ಸುಮ್ಮನಾಗಲಿಲ್ಲ?" ಎಂದು ಕೇಳಿದೆ.

"ಅವು ಛಲೋ ನಾಯಿನೇ ಅವ್ರೀ. ಸಾಕಿದವ್ರು ಬಾಗಿಲ್ದಾಗ ನಿಂತಿದ್ರು ನೋಡ್ರಿ," ಎಂದರು. ಆ ಮಾತು ನನಗೆ ಆಗ ತಿಳಿಯಲಿಲ್ಲ. ಆದರೂ ದಿನಚರಿಯಲ್ಲಿ ಬರೆದುಕೊಂಡೆ.

ಐವತ್ತರ ಆಸುಪಾಸಿನ ಗಿಡ್ಡ ಆಳು. ಹುಬ್ಬಿನ ಮೇಲೆ ಸದಾ ಕಲ್ಲಿನ ಪುಡಿ. ಹರೆಯದಲ್ಲಿ ಗಣಿಯಲ್ಲಿ ಮದ್ದು ಹಾರಿಸುವಾಗ ಎಡಗಿವಿ ಹೋಗಿತ್ತು. ಆದ್ದರಿಂದ ಯಾರು ಮಾತಾಡಿದರೂ ತಲೆ ಓರೆ ಮಾಡಿ ಬಲಗಿವಿ ಕೊಡುತ್ತಿದ್ದರು. ನೋಡಿದವರಿಗೆ ಬಹಳ ವಿನಯದ ಮನುಷ್ಯ ಅನ್ನಿಸುತ್ತಿತ್ತು. ಊರ ಹೊರಗಿನ, ನೆಲಕ್ಕೆ ಹಾಸುವ ಪರ್ಶಿಕಲ್ಲಿನ ಒಂದು ಗಣಿಯಲ್ಲಿ ಅವರು ರಾತ್ರಿ ಕಾವಲುಗಾರ. ಗುಡಿಸಲಿನ ಸುತ್ತ ನಾಲ್ಕು ನಾಯಿಗಳು. ಅಪ್ಪ ಶಾಲೆಯ ಅಂಗಳಕ್ಕೆ ಕಲ್ಲು ನೋಡಲು ಹೋದಾಗ ಆ ನಾಲ್ಕೂ ಎದ್ದು ನೋಡಿ, ಮತ್ತೆ ಮಲಗಿದ್ದವಂತೆ. ಹೆಡ್‌ಮಾಸ್ತರಾದ ನಮ್ಮ ಅಪ್ಪನಿಗೆ ತಮ್ಮ ಮಕ್ಕಳಿಗಿಂತ ಶಿಸ್ತಿನ ಪ್ರಾಣಿ ಕಂಡಿದ್ದು ಅದೇ ಮೊದಲು. ಹಾಗೆ ತಿಪ್ಪಣ್ಣನವರು ನಮ್ಮ ಮನೆಗೆ ಬಂದರು.

ಬಂದರು ಎಂದರೆ ಅಂಗಳದವರೆಗೆ. ಅವರದು ಊರಾಚೆಯ ಕೇರಿ. ಆ ಕೇರಿಯವರು ನಮ್ಮಲ್ಲಿಗೆ ಬಂದರೆ ಅಂಗಳದಲ್ಲಿ ನಿಲ್ಲುವುದು, ಚಹಾ ಕೊಟ್ಟರೆ ಹಿತ್ತಲಿನ ಗೂಡಿನಲ್ಲಿ ಬೇರೆ ಇಟ್ಟ ಬಟ್ಟಲಿನಲ್ಲಿ ಕೊಡುವುದು. ಇದು ಸರಿಯೇ ಎಂದು ಯಾರೂ ಕೇಳಿದ್ದಿಲ್ಲ. ನಾನೂ ಕೇಳಿದ್ದಿಲ್ಲ. ಇಲ್ಲಿ ಅವರನ್ನು 'ಅವರು' ಎಂದು ಬರೆಯುತ್ತಿದ್ದೇನೆ. ಆಗ ನಾವೆಲ್ಲರೂ, ಹದಿನೇಳರ ನಾನೂ ಸೇರಿ, 'ತಿಪ್ಪಣ್ಣಾ, ಬಾ' ಎನ್ನುತ್ತಿದ್ದೆವು.

ನಮ್ಮ ನಾಯಿಯ ಹೆಸರು ಮೋತಿ. ರೈಲ್ವೆಯವರೊಬ್ಬರು ವರ್ಗವಾಗಿ ಹೋಗುವಾಗ ಬಿಟ್ಟುಹೋದ, ಮೊಣಕಾಲಿಗೂ ಬಾರದ ಬಿಳಿ ಕೂದಲಿನ ನಾಯಿ. ಮನೆಯವರ ಹತ್ತಿರ ಹತ್ತಿಯಂತೆ ಇರುವುದು, ನೆಂಟರು ಬಂದರೆ ಹುಚ್ಚೆದ್ದು ಕುಣಿಯುವುದು. ಹಿಂದಿನ ಡಿಸೆಂಬರಿನಲ್ಲಿ ನಾಗವೇಣಿ ಅಕ್ಕನನ್ನು ನೋಡಲು ಕಾಳಗಿಯಿಂದ ಗಂಡಿನ ಕಡೆಯವರು ಬಂದಿದ್ದರು. ಮೋತಿ ಹುಡುಗನ ಕಾಕಾನ ಧೋತರ ಹಿಡಿದು ಎಳೆದು, ಮೀನಖಂಡಕ್ಕೆ ಹಲ್ಲು ತಾಗಿಸಿತು. ಅಕ್ಕ ಚಹಾದ ತಟ್ಟೆ ಹಿಡಿದು ಹೊರಬರುವ ಮೊದಲೇ ಅವರು ಎದ್ದು ಹೋದರು. ಆಮೇಲೆ ಕಾಗದವೂ ಬರಲಿಲ್ಲ.

ಎರಡನೆಯ ಸಂಬಂಧ ಸೇಡಂನಿಂದ. ಫೆಬ್ರವರಿ ಇಪ್ಪತ್ನಾಲ್ಕು, ಭಾನುವಾರ ಬರುತ್ತೇವೆಂದು ತಿಳಿಸಿದ್ದರು. ಅಪ್ಪ ಒಂದೇ ಮಾತು ಹೇಳಿದರು: "ಅಷ್ಟರಾಗ ನಾಯಿ ಸುಧಾರಿಸಬೇಕು. ಇಲ್ಲಂದ್ರ ಲಾರಿಯವರ ಕೈಯಾಗ ಕೊಟ್ಟು ಚಿಂಚೋಳಿ ಅಡವ್ಯಾಗ ಬಿಡಸ್ತೀನಿ." ಆ ರಾತ್ರಿ ಅಕ್ಕ ಉಣ್ಣಲಿಲ್ಲ. ಅವಳಿಗೆ ಮೋತಿಯ ಚಿಂತೆಯೋ ಮದುವೆಯ ಚಿಂತೆಯೋ ನಾನು ಕೇಳಲಿಲ್ಲ. ಎರಡೂ ಒಂದೇ ಹಗ್ಗಕ್ಕೆ ಬಿದ್ದಿದ್ದವು.

ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಮರುವರ್ಷ, ಜನವರಿ ಆರರಂದು ಪಾಠ ಶುರುವಾಯಿತು. ಪ್ರತಿ ಭಾನುವಾರ ಮತ್ತು ಬುಧವಾರ, ಸಂಜೆ ನಾಲ್ಕಕ್ಕೆ. ತಿಪ್ಪಣ್ಣನವರು ಪಡಸಾಲೆಯ ಮೂಲೆಯಲ್ಲಿ ಒಂದು ಗೋಣಿಚೀಲ ಹಾಸಿಸಿದರು. ಅದು ಮೋತಿಯ ಜಾಗ. ಕೊರಳಿಗೆ ಸಡಿಲ ಹಗ್ಗ, ಹಗ್ಗದ ತುದಿ ನನ್ನ ಕೈಯಲ್ಲಿ. ಬೀಗನ ವೇಷ ಅವರದೇ. ಹೊರಗಿನಿಂದ ಕೆಮ್ಮುವುದು, ಬಾಗಿಲು ತಟ್ಟುವುದು, ಒಳಗೆ ಒಂದು ಹೆಜ್ಜೆ ಇಡುವುದು. ಪಾಠದ ಹೊತ್ತಿಗೆ ಮಾತ್ರ ಅಪ್ಪ ಅದಕ್ಕೆ ಒಪ್ಪಿದ್ದರು. ನಾಯಿ ಬೊಗಳಿದರೆ ಮಾತಿಲ್ಲದೆ ತಿರುಗಿ ಹೊರಗೆ ಹೋಗುವುದು. ಚೀಲದ ಮೇಲೆ ಮಲಗಿದರೆ ನಾನು ಅದರ ಕಾಲ ನಡುವೆ ರೊಟ್ಟಿಯ ಚೂರು ಇಡುವುದು. ಹೊಡೆಯುವಂತಿಲ್ಲ, ಗದರುವಂತಿಲ್ಲ.

"ನೀವು ಒದರಿದ್ರ ಅದು ಏನ್ ತಿಳೀತದ ಗೊತ್ತದೇನ್ರಿ? ಇವ್ರೂ ನನ್ನ ಸಂಗಡ ಬೊಗಳಾಕತ್ತಾರ ಅಂತ ತಿಳೀತದ."

ಮೊದಲ ದಿನ ಅವರು ನಲವತ್ತೆರಡು ಸಲ ಬಂದರು, ನಲವತ್ತೆರಡು ಸಲವೂ ಹೊರಗೆ ಹೋದರು. ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಪಕ್ಕದ ಮನೆಯಾಕೆ, "ಏ ತಿಪ್ಪಣ್ಣಾ, ಈ ಬೀಗ ಹೆಣ್ಣು ಒಪ್ತಾನೋ ಇಲ್ಲೋ?" ಎಂದು ಕೂಗಿದರು. "ಹೆಣ್ಣಿನ ಕಡೀದು ನಾಯಿ ಒಪ್ಪವಲ್ತರೀ!" ಎಂದು ಇವರು ಬೀದಿಯಿಂದಲೇ ಉತ್ತರಿಸಿದರು.

ತಿಂಗಳು ಕಳೆಯುವಷ್ಟರಲ್ಲಿ ಮೋತಿ ಬದಲಾಯಿತು. ಟಪಾಲಿನವರು, ಹಾಲಿನವಳು, ಅಪ್ಪನ ಜೊತೆಯ ಮಾಸ್ತರರು, ಯಾರು ಬಂದರೂ ಚೀಲಕ್ಕೆ ಹೋಗಿ ಮಲಗುತ್ತಿತ್ತು. ಆದರೆ ಪಾಠ ಕಲಿಸಿದವರಿಗೇ ಬೊಗಳುತ್ತಿತ್ತು. ಅಂಗಳದಲ್ಲಿ ಅವರ ಪಾದದ ಮೇಲೆ ಗದ್ದವಿಟ್ಟು ಮಲಗುವ ನಾಯಿ, ಅವರು ಹೊಸ್ತಿಲು ದಾಟಿದ ಕೂಡಲೇ ಎದ್ದು ನಿಲ್ಲುತ್ತಿತ್ತು. ನಾನು ದಿನಚರಿಯ ಪುಟಗಳನ್ನು ತಿರುವಿ ಎರಡು ಸಾಲುಗಳಾಗಿ ಬೇರೆ ಮಾಡಿದೆ. ಆ ವಾರ ಅವ್ವ ಪಡಸಾಲೆಯಲ್ಲಿದ್ದಾಗ ಅವರು ಬಂದದ್ದು ಹದಿನಾಲ್ಕು ಸಲ, ಮೋತಿ ಬೊಗಳಿದ್ದೂ ಹದಿನಾಲ್ಕು ಸಲ. ಅವ್ವ ಬಜಾರಿಗೆ ಹೋದಾಗ ಬಂದದ್ದು ಒಂಬತ್ತು ಸಲ. ಒಮ್ಮೆಯೂ ಬೊಗಳಿರಲಿಲ್ಲ.

ಅದನ್ನು ಅಂಗಳದಲ್ಲಿ ಅವರಿಗೆ ಓದಿ ಹೇಳಿದೆ. ಬಲಗಿವಿ ಕೊಟ್ಟು ಪೂರ್ತಿ ಕೇಳಿದರು.

"ನನಗ ಮೊದಲನೇ ದಿನಾನೇ ಗೊತ್ತಾಗ್ಯಾದ್ರಿ, ಸಣ್ಣವ್ವಾರ."

"ಏನು ಗೊತ್ತಾಗ್ಯಾದ?"

"ನಾ ಹೊಸ್ತಿಲ ದಾಟಿದ್ರ ಅವ್ವಾರು ಸೆರಗು ಜಗ್ಗಿ ಗ್ವಾಡಿಗಿ ಸರೀತಾರ, ಉಸುರು ಹಿಡೀತಾರ. ನಾಯಿಗಿ ಅಷ್ಟು ಸಾಕು. ಬಂದಾಂವ ಎಂಥಾಂವ ಅಂತ ಅದು ನನ್ನ ಕೇಳಂಗಿಲ್ಲ. ನಿಮ್ಮ ಮಾರಿ ನೋಡ್ತದ."

"ಮತ್ತ ಇಷ್ಟು ದಿನ ಹೇಳಲಿಲ್ಲ ಯಾಕ?"

"ಹೆಂಗ ಹೇಳೋದ್ರಿ?" ಎಂದರು. ಹೊರಡುವಾಗ, "ಆ ಹಾಳಿ ಅವ್ವಾರಿಗಿ ತೋರಸಬ್ಯಾಡ್ರಿ," ಎಂದರು.

ನಾನು ತೋರಿಸಿದೆ. ಲೆಕ್ಕ ಸರಿಯಿದ್ದರೆ ಅದನ್ನು ಮುಚ್ಚಿಡುವುದು ನನಗೆ ಬಾರದು. ಅವ್ವ ಕೆಂಡವಾದಳು. "ನಾಯಿ ಲೆಕ್ಕ ಬರದು ನನಗ ಬುದ್ಧಿ ಹೇಳಾಕ ಬಂದೀಯೇನು? ನಾ ಏನು ಅವನಿಗಿ ಬೈದೀನಾ, ಹೊಡದೀನಾ?" ಬೈದಿರಲಿಲ್ಲ, ಹೊಡೆದಿರಲಿಲ್ಲ. ಎರಡು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ.

ಬುಧವಾರ ನಾಲ್ಕಕ್ಕೆ ತಿಪ್ಪಣ್ಣನವರು ಕೆಮ್ಮಿದಾಗ ಅವ್ವ ತಾನೇ ಬಾಗಿಲಿಗೆ ಹೋದಳು. ಪಡಸಾಲೆಯಲ್ಲಿ ಅಪ್ಪನ ಕುರ್ಚಿ ಹಾಕಿದ್ದಳು. "ಒಳಗ ಬರ್ರಿ. ಕುಂದ್ರಿ," ಎಂದಳು. ನಾವು ಕುಡಿಯುವ ಕಪ್ಪು-ಬಸಿಯಲ್ಲೇ ಚಹಾ ತಂದಳು. ಕೊಡುವಾಗ ಬಸಿಯ ಮೇಲೆ ಕಪ್ಪು ಸದ್ದು ಮಾಡಿತು, ಮೋತಿ ಬೊಗಳಿತು. ತಿಪ್ಪಣ್ಣನವರು ಥಟ್ಟನೆ ಎದ್ದು ಹೊರಟರು.

"ಚಹಾ ಆರ್ತದ, ಎಲ್ಲಿ ಹೊಂಟ್ರಿ?"

"ನಾಯಿ ಬೊಗಳಿದ್ರ ಬೀಗ ಹೊರಗ ಹೋಗಬೇಕ್ರಿ ಅವ್ವಾರ. ಪಾಠ ಅಂದ್ರ ಪಾಠ."

ಅವ್ವ ನಕ್ಕುಬಿಟ್ಟಳು. ನಗುವಾಗ ಉಸಿರು ಹಿಡಿಯಲು ಬರುವುದಿಲ್ಲ. ಅವರು ಮತ್ತೆ ಬಂದರು, ಮತ್ತೆ ಹೋದರು. ಏಳನೆಯ ಸಲ ಮೋತಿ ಚೀಲದಿಂದ ಏಳಲಿಲ್ಲ. ಆ ಹೊತ್ತಿಗೆ ಚಹಾ ತಣ್ಣಗಾಗಿತ್ತು. ಅವ್ವ ಬಿಸಿ ಮಾಡಿ ಕೊಡುತ್ತೇನೆಂದರೂ ಕೇಳದೆ ಹಾಗೆಯೇ ಕುಡಿದರು. ಫೆಬ್ರವರಿ ಹದಿನೇಳರಂದು ಅವರು ಅರ್ಧ ಗಂಟೆ ಕುರ್ಚಿಯಲ್ಲಿ ಕೂತಿದ್ದರು. ಅವ್ವ ಕಂಬಕ್ಕೆ ಒರಗಿ, ಅವರ ಮಗಳ ಬಾಣಂತನದ ವಿಚಾರ ಕೇಳುತ್ತ, ಯಾವ ಎಣ್ಣೆ, ಯಾವ ಪುಡಿ ಎಂದು ಹೇಳುತ್ತಿದ್ದಳು. ಮೋತಿ ನಿದ್ದೆ ಮಾಡುತ್ತಿತ್ತು. ನಾನು ಸೊನ್ನೆ ಬರೆದೆ.

ಇಪ್ಪತ್ನಾಲ್ಕರಂದು ಸೇಡಂನಿಂದ ಐವರು ಬಂದರು. ಮೋತಿ ತಲೆ ಎತ್ತಿ ನೋಡಿ ಮತ್ತೆ ಇಟ್ಟುಕೊಂಡಿತು. ಮಂಡಕ್ಕಿಯ ಸುಸಲಾ ತಿಂದದ್ದಾಯಿತು. ಅಕ್ಕ ಬಂದು ಕೂತಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಹುಡುಗನ ದೊಡ್ಡಪ್ಪ ತಲೆದೂಗುತ್ತಿದ್ದರು.

ಗಡಿಯಾರ ನಾಲ್ಕು ಹೊಡೆಯಿತು. ಭಾನುವಾರ. ಇವತ್ತು ಬರಬೇಡಿ ಎಂದು ನಾವು ಅವರಿಗೆ ಹೇಳಿರಲಿಲ್ಲ. ಬನ್ನಿ ಎಂದೂ ಹೇಳಿರಲಿಲ್ಲ. ಆ ವಿಚಾರವೇ ಯಾರ ತಲೆಗೂ ಬಂದಿರಲಿಲ್ಲ. ಅವರಿಗೆ ಮಾತ್ರ ಬಂದಿತ್ತು. ಇಂಥ ದಿನ ನಾಯಿಯ ಜೊತೆ ತಾವಿರಬೇಕೆಂದು ಒಗೆದ ಅಂಗಿ ತೊಟ್ಟು ಬಂದಿದ್ದರು. ರೂಢಿಯಂತೆ ಕೆಮ್ಮಿ, ರೂಢಿಯಂತೆ ಹೊಸ್ತಿಲು ದಾಟಿದರು.

"ಇವ ಯಾರ್ರಿ ಮಾಸ್ತರ?" ಎಂದರು ದೊಡ್ಡಪ್ಪ.

ಅಪ್ಪ ಗಡಿಯಾರದ ಕಡೆ ನೋಡಿದರು. ಅವ್ವ ಉಸಿರು ಹಿಡಿದದ್ದು ನನಗೆ ಕೇಳಿಸಿತು. ನಾನೂ ಹಿಡಿದಿದ್ದೆ. ಮೋತಿ ಎದ್ದು ಬೊಗಳಿತು.

ನಾನೇ ಹೇಳಿದೆ. "ತಿಪ್ಪಣ್ಣಾ, ಹಿತ್ತಲಕಡಿ ಹೋಗು."

ಅವರು ನನ್ನ ಕಡೆ ನೋಡಲಿಲ್ಲ. ನಾಯಿಯನ್ನು ನೋಡಿದರು. ಮಾತಿಲ್ಲದೆ ತಿರುಗಿ ಹೊರಗೆ ಹೋದರು. ಮೋತಿ ಆ ಕೂಡಲೇ ಸುಮ್ಮನಾಗಿ ಚೀಲದ ಮೇಲೆ ಮಲಗಿತು. "ನಾಯಿ ಭಾಳ ಶಾಣ್ಯಾ ಅದ ನೋಡ್ರಿ," ಎಂದರು ದೊಡ್ಡಪ್ಪ. ಎಲ್ಲರೂ ನಕ್ಕರು. ಸಂಬಂಧ ಅಲ್ಲೇ ಗಟ್ಟಿಯಾಯಿತು. ನಾನು ಹಿತ್ತಲಿಗೆ ಹೋಗಿ ನೋಡಿದಾಗ ಅಲ್ಲಿ ಯಾರೂ ಇರಲಿಲ್ಲ.

ಮುಂದಿನ ಬುಧವಾರ ಅವರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಏಪ್ರಿಲಿನಲ್ಲಿ ಲಗ್ನಪತ್ರಿಕೆ ಬಂದಾಗ, ಅವ್ವ ಒಂದರ ಮೇಲೆ ಅವರ ಹೆಸರು ನನ್ನ ಕೈಯಿಂದ ಬರೆಸಿ, "ನೀನೇ ಹೋಗಿ ಕೊಟ್ಟು ಬಾ," ಎಂದಳು. ಬಿಸಿಲಿನಲ್ಲಿ ಗಣಿಗೆ ನಡೆದುಹೋದೆ. ನನ್ನನ್ನು ಎಂದೂ ನೋಡದ ನಾಲ್ಕು ನಾಯಿಗಳು ಎದ್ದು ನೋಡಿದವು. ಗುಡಿಸಲಿನಿಂದ ತಿಪ್ಪಣ್ಣನವರು, "ಬರ್ರಿ ಸಣ್ಣವ್ವಾರ, ಒಳಗ ಬರ್ರಿ," ಎಂದರು. ನಾಯಿಗಳು ಸರಿದು ದಾರಿ ಬಿಟ್ಟು ಮಲಗಿದವು. ಹೊರಸಿನ ಮೇಲೆ ಕೂರಿಸಿ ನೀರು ಕೊಟ್ಟರು. ಕುಡಿದೆ.

"ಅವತ್ತು ನಾನು..." ಎಂದು ಶುರು ಮಾಡಿದೆ.

"ಮೋತಿ ಹೆಂಗದರೀ?"

"ಆರಾಮ ಅದ."

"ಅಡವಿಗಿ ಹೋಗೋದು ತಪ್ಪಿತಲ್ಲ, ಛಲೋ ಆಯ್ತು."

ಪತ್ರಿಕೆ ಕೊಟ್ಟೆ. ಅವರಿಗೆ ಓದಲು ಬಾರದು. ತಮ್ಮ ಹೆಸರು ಎಲ್ಲಿದೆ ಎಂದು ಕೇಳಿ, ನಾನು ತೋರಿಸಿದ ಅಕ್ಷರಗಳ ಮೇಲೆ ಬೆರಳಿಟ್ಟರು. ಆಮೇಲೆ ತಲೆ ಓರೆ ಮಾಡಿ, ಸಿಟ್ಟಿಲ್ಲದ ದನಿಯಲ್ಲಿ, ನಿಜವಾಗಿ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದರು:

"ಬಂದ್ರ ನನ್ನ ಎಲ್ಲಿ ಕುಂದರಸ್ತೀರಿ?"

ನಾನು ಖಾಲಿ ಲೋಟವನ್ನು ಹೊರಸಿನ ಕೆಳಗಿಟ್ಟೆ. ಅವರು ಕಾದರು. ನಂತರ, "ಹೋಗಿ ಬರ್ರಿ, ಬಿಸಿಲು ಏರಾಕತ್ತದ," ಎಂದು ಗಣಿಯ ಅಂಚಿನವರೆಗೆ ಬಂದು ಬಿಟ್ಟುಹೋದರು. ಅದೇ ಕೊನೆಯ ಭೇಟಿ. ಮಳೆಗಾಲಕ್ಕೆ ಆ ಗಣಿ ನಿಂತಿತು. ನಾಯಿಗಳನ್ನು ಕರೆದುಕೊಂಡು ಮಗಳ ಊರಿಗೆ ಹೋದರೆಂದು ಯಾರೋ ಹೇಳಿದರು. ಯಾವ ಊರು ಎಂದು ಹೇಳಿದವರಿಗೂ ಗೊತ್ತಿರಲಿಲ್ಲ.

ಆ ದಿನ ಮನೆಗೆ ಬಂದು ಅವರ ಪ್ರಶ್ನೆಯನ್ನು ಅವ್ವನಿಗೆ ಇದ್ದ ಹಾಗೆಯೇ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಅಪ್ಪನ ಕಡೆ ನೋಡಿದಳು. ಅಪ್ಪ, "ನೋಡೂಣು," ಎಂದರು.

ಮದುವೆಗೆ ಮುನ್ನೂರ ಹನ್ನೆರಡು ಜನ ಬಂದರು. ಮೋತಿ ಒಬ್ಬರಿಗೂ ಬೊಗಳಲಿಲ್ಲ. ತಿಪ್ಪಣ್ಣನವರು ಬರಲಿಲ್ಲ. ಬಂದಿದ್ದರೆ ಅವರನ್ನು ಎಲ್ಲಿ ಕೂರಿಸಬೇಕು ಎಂಬುದು, ಕೊನೆಯ ಪಂಕ್ತಿ ಎದ್ದ ಹೊತ್ತಿಗೂ ನಮ್ಮ ಮನೆಯಲ್ಲಿ ತೀರ್ಮಾನವಾಗಿರಲಿಲ್ಲ.