ಅಕ್ಕನ ವಿಟಮಿನ್ ಪುಡಿ

ತಪ್ಪು ರತ್ನಕ್ಕನದಲ್ಲ, ನನ್ನದು. ಮೂರು ವರ್ಷದಿಂದ ಅದನ್ನು ಅವಳ ತಲೆಗೆ ಕಟ್ಟಿ ಸುಮ್ಮನಿದ್ದೇನೆ.

ಅಕ್ಕ ಕ್ಯಾಲನೂರಿನಲ್ಲಿ ನಾಲ್ಕು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದವಳು. ಬರಬರುತ್ತ ಮೈಯೆಲ್ಲ ನೋವು — ಭುಜ, ಸೊಂಟ, ಅಂಗೈ, ಮುಟ್ಟಿದರೂ ನೋವು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮನೆಯವರು ನಾಟಕ ಅಂದರು. ಕೊನೆಗೆ ಕೋಲಾರದ ಡಾಕ್ಟರೊಬ್ಬರು ಕಾಯಿಲೆಯ ಹೆಸರು ಹೇಳಿದರು — ಫೈಬ್ರೊಮಯಾಲ್ಜಿಯ. ನಾಟಕವಲ್ಲ ಎಂದು ಕೇಳಿದ್ದೇ ಅಕ್ಕ ಅತ್ತುಬಿಟ್ಟಳು. ರಕ್ತದಲ್ಲಿ ವಿಟಮಿನ್ ಡಿ ಕಡಿಮೆಯಿತ್ತು. ವಾರಕ್ಕೊಂದು ಪೊಟ್ಟಣ ವಿಟಮಿನ್ ಪುಡಿ ಹಾಲಿನಲ್ಲಿ, ಹೊತ್ತಿಗೆ ಸರಿಯಾಗಿ ಊಟ, ದಿನಾ ಸ್ವಲ್ಪ ನಡಿಗೆ ಎಂದರು. ಪುಡಿ ಕೊರತೆ ತುಂಬುವುದಕ್ಕೆ, ನೋವು ಅದರಿಂದಲೇ ಹೋಗುವುದಿಲ್ಲ — ಇದನ್ನೂ ಅವರು ಹೇಳಿದ್ದರು. ನಾನು ಪಕ್ಕದಲ್ಲೇ ಇದ್ದೆ.

ನಾನು ಮಾಲೂರಿನಲ್ಲಿ ಅಂಗನವಾಡಿ ಟೀಚರ್. ಬಸುರಿಯರಿಗೆ ಸೊಪ್ಪು, ಮೊಟ್ಟೆ, ಮಾತ್ರೆಯ ಪಾಠ ಹೇಳುವವಳು — ಎಲ್ಲ ಗೊತ್ತೆಂಬ ಗರ್ವ. ಎರಡು ವಾರವಾದರೂ ನೋವು ಇಳಿಯದೆ ಅಕ್ಕ ಫೋನಿನಲ್ಲಿ ನರಳಿದಳು. ನನಗೂ ಕೇಳಿ ಕೇಳಿ ಸಾಕಾಗಿತ್ತು.

"ವಾರಕ್ಕೊಂದು ಯಾವ ಮೂಲೆಗೆ ಸಾಲ್ತದಕ್ಕಾ? ದಿನಾ ಒಂದು ಕುಡಿ. ವಿಟಮಿನ್ ತಾನೆ, ಜಾಸ್ತಿ ಆದ್ರೆ ಏನಾಗ್ತದೆ?"

ಒಂದೇ ಕಡೆ ಅಷ್ಟೊಂದು ಕೊಡಲಿಲ್ಲವೆಂದು ಪುಡಿಗಳನ್ನೂ ನಾನೇ ಎರಡು ಅಂಗಡಿಗಳಲ್ಲಿ ಕೊಂಡು ಕೊಟ್ಟುಬಂದೆ.

ಎರಡು ತಿಂಗಳಿಗೆ ಅಕ್ಕನಿಗೆ ವಾಂತಿ, ತೀರದ ಬಾಯಾರಿಕೆ, ಎಂಥದೋ ಮಂಕು. ಆಸ್ಪತ್ರೆಗೆ ಸೇರಿಸಿದೆವು. ವಿಟಮಿನ್ ಡಿ ಮಿತಿಮೀರಿದ್ದರಿಂದ ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿ ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದರು. ವಿಟಮಿನ್ನಿನಿಂದ — ಬರೀ ವಿಟಮಿನ್ನಿನಿಂದ...

"ದಿನಾ ಕುಡೀರಿ ಅಂತ ಯಾರಮ್ಮ ಹೇಳಿದ್ದು?" ಡಾಕ್ಟರ್ ಕೇಳಿದರು.

ಅಕ್ಕ ನನ್ನತ್ತ ನೋಡಿದಳು. ಭಾವ ಎದುರಿಗೇ ನಿಂತಿದ್ದರು.

"ಅವಳಿಗೆ ಓದು ಬರಲ್ಲ ಸಾರ್. ವಾರಕ್ಕೆ ಅಂದಿದ್ದನ್ನ ದಿನಾ ಅಂತ ತಿಳ್ಕೊಂಡಿದ್ದಾಳೆ," ಅಂದೆ ನಾನು.

ಆ ಮಾತು ನನ್ನ ಬಾಯಿಂದ ಬಂತೆ? ಇವತ್ತಿಗೂ ಬೆಚ್ಚುತ್ತೇನೆ. ಅದಕ್ಕಿಂತ ಘೋರ — ಅಕ್ಕ ಎದುರಾಡಲಿಲ್ಲ. "ಇರ್ಬೌದು ಸಾರ್, ನಂಗೇ ಗ್ಯಾನ ಇರ್ಲಿಲ್ವೇನೋ" ಅಂದಳು. ತನ್ನ ನೆನಪಿಗಿಂತ ನನ್ನ ಮಾತನ್ನು ನಂಬಿದಳು!

ಜೀವ ಉಳಿಯಿತು. ಕಿಡ್ನಿ ಪೂರ್ತಿ ಸುಧಾರಿಸಲಿಲ್ಲ. ಭಾವ ಹಸುಗಳನ್ನು ಮಾರಿದರು. ಅಕ್ಕನ ಸೊಸೆ ಮಾತ್ರೆಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡಳು. ಈಗ ಒಂದು ಲೋಟ ಮಜ್ಜಿಗೆ ಕುಡಿಯಲೂ ಅಕ್ಕ ಯಾರನ್ನಾದರೂ ಕೇಳುತ್ತಾಳೆ. ಹೋದ ವಾರ ನಾನು ಅಲ್ಲಿದ್ದಾಗ ಪಕ್ಕದ ಮನೆಯಾಕೆ ಬಂದು, ಕಾಲುನೋವಿಗೆ ಯಾವ ಮಾತ್ರೆ ಒಳ್ಳೆಯದು ಎಂದಳು. ಅಕ್ಕ ನಕ್ಕಳು. "ನಂಗೆ ತಿಳುವಳಿಕೆ ಸಾಲ್ದು ಕಣಮ್ಮ. ನಮ್ ಸರೋಜನ್ನ ಕೇಳು."

ಸರೋಜ ನಾನೇ. ಅಲ್ಲಿ ಕೂರಲಾಗದೆ ಎದ್ದುಬಂದೆ.

ನಿನ್ನೆ ಭಾವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು, "ನಂಗ್ಯಾಕೆ ಹೇಳ್ತೀಯಮ್ಮ? ಅವಳ ಮುಂದೆ ಹೇಳು" ಅಂದರು.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ. ಸೊಸೆಯನ್ನೂ ಎದುರಿಗೆ ಕೂರಿಸಿಕೊಂಡು ಇಷ್ಟು ಹೇಳಬೇಕು — ಅಕ್ಕಾ, ನಿನಗೆ ಸರಿಯಾಗೇ ನೆನಪಿತ್ತು. ಸುಳ್ಳು ಹೇಳಿದವಳು ನಾನು.