ಪಕ್ಕದ ಮನೆಯವರು ಬಂದರೆ ಹೋಗುವ ವೈಫೈ

ಶಹಾಪುರದ ನಮ್ಮ ಮನೆಯಲ್ಲಿ ವೈಫೈ ಮತ್ತೆ ಹೋಯಿತು. ಮರುದಿನ ಟ್ಯಾಬ್‌ನಲ್ಲೇ ನನ್ನ ಕೆಲಸದ ಸಂದರ್ಶನವಿತ್ತು. ಟ್ಯಾಬ್ ಆರಿಸಿ ಹಚ್ಚಿದೆ, ಪಾಸ್‌ವರ್ಡ್ ಮತ್ತೆ ಹಾಕಿದೆ, ಉಪಯೋಗವಾಗಲಿಲ್ಲ. ಪಕ್ಕದ ಮನೆಯವರು ಬಂದು ಕೂತಾಗಷ್ಟೇ ಹೀಗಾಗುತ್ತದೆ ಎಂದು ಆಗ ಹೊಳೆಯಿತು. ಪಡಸಾಲೆಗೆ ಬಂದು ನೋಡಿದರೆ, ಗೋಡೆಯ ಗೂಡಿನಲ್ಲಿದ್ದ ರೂಟರ್ ಮೇಲೆ ಸ್ಟೀಲ್ ಬೋಗುಣಿ ಬೋರಲಾಗಿತ್ತು!

ಅವರು ಹೋದ ಮೇಲೆ ಅವ್ವನನ್ನು ಕೇಳಿದೆ.

“ಈ ಓಣ್ಯಾಗ ಡಿಗ್ರಿ ಓದಿದಾಕಿ ನೀ ಒಬ್ಬಾಕಿನ. ನಿನ್ನ ನೌಕರಿ ಇದರಿಂದನ ಬರಬೇಕು, ಇದಕ್ಕ ಮಂದಿ ಕಣ್ಣು ಬೀಳಬಾರದಂತ ಮುಚ್ಚೀನಿ” ಎಂದಳು.

“ಯವ್ವಾ, ಕಣ್ಣಿನ ಜೋಡಿ ಸಿಗ್ನಲ್ಲೂ ತಡದೀದಿ!”

ಬೋಗುಣಿ ತೆಗೆದೆ. ಅವ್ವನ ಮುಖ ಸಣ್ಣದಾಯಿತು. ಅದನ್ನು ನೋಡಲಾರದೆ ರೂಟರಿಗೆ ನಾನೇ ಕರಿದಾರ ಕಟ್ಟಿದೆ. ಸಂದರ್ಶನ ಒಮ್ಮೆಯೂ ಕಡಿಯದೆ ಮುಗಿಯಿತು. ಕೆಲಸವೂ ಸಿಕ್ಕಿದೆ. ಆ ದಾರ ಬಿಚ್ಚಲು ಈಗ ನನಗೇ ಮನಸ್ಸಿಲ್ಲ.